ಬಿಚ್ಚದೆ ಉಳಿದ ಕಣ್ಣಿ

ಇವತ್ತು ಬೆಳಿಗ್ಗೆ ಎದ್ದು ಆಕಳು ಹಿಂಡಿದೆ, ಡೈರಿಗೆ ಹಾಲು ಹಾಕಿ ಬಂದೆ, ಅಂಗಳ ಸಾರಿಸಿದೆ, ಬಟ್ಟೆ ಒಗೆದೆ, ಮಗಳು ನಾಳೆ ಹಾಕಿಕೊಳ್ಳುವ ಚೂಡಿದಾರಕ್ಕೆ ಇಸ್ತ್ರಿ ಮಾಡಿಸಿ ತಂದೆ. ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕೂತವಳು — ಅವಳ ಕರುವನ್ನು ಕೊಂದದ್ದು ಹೊಳೆಯಲ್ಲ, ನಾನು ಎಂದು ಅವಳ ಮುಂದೆ ಒಪ್ಪಿಕೊಂಡೆ.

ಒಪ್ಪಿಕೊಳ್ಳಬೇಕೆಂದು ಎದ್ದವಳಲ್ಲ ನಾನು. ಸಾಯುವತನಕ ಬಾಯಿ ಬಿಡುತ್ತಿರಲಿಲ್ಲವೇನೋ. ಈಗ ಎಲ್ಲರೂ ಮಲಗಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮದು ಸತ್ತಿ ಎಂಬ ಊರು, ಕೃಷ್ಣೆಯ ದಂಡೆ. ಮಗಳು ರೇಣುಕಾಗೆ ನಾಳೆ ವಿಶ್ವವಿದ್ಯಾಲಯದಲ್ಲಿ ಸಂದರ್ಶನವಿದೆ, ಭೂಗೋಳ ಓದುವ ಸೀಟಿಗೆ. ಒಂದು ವಾರದಿಂದ ಮನೆಯಲ್ಲಿ ಅದೇ ತಾಲೀಮು. ಅವಳಪ್ಪ, ಪಕ್ಕದ ಮನೆಯ ಮುದುಕಿ — ಎಲ್ಲರೂ ಒಂದೊಂದು ಸಲ ಪ್ರೊಫೆಸರ್ ಆಗಿ ಮುಗಿದಿತ್ತು. ಇವತ್ತು ನನ್ನ ಪಾಳಿ.

"ಅವ್ವಾ, ಕೇಳು. ಭೂಗೋಳನ ಯಾಕ ಆರಿಸ್ಕೊಂಡಿ ಅಂತ ಕೇಳು."

"ಕೈಯೆಲ್ಲಾ ಹಿಟ್ಟ ಐತಿ ನಂದು."

"ಇರ್ಲಿ ತಗೋ. ಪ್ರೊಫೆಸರ್ ಮನ್ಯಾಗ ರೊಟ್ಟಿ ಮಾಡೂದಿಲ್ಲೇನ?"

ಬಾಗಿಲಲ್ಲಿ ಕೂತಿದ್ದ ನಮ್ಮವರು, "ಹುಷಾರ್ ಇರ ಮಗಳ, ಈ ಪ್ರೊಫೆಸರ್ ಭಾಳ ಬಿಗಿ. ಲಗ್ನ ಆದಾಗಿಂದ ನನ್ನ ಫೇಲ್ ಮಾಡಾಕತ್ತಾಳ," ಎಂದರು. ಮೂವರೂ ನಕ್ಕೆವು. ಆ ನಗು ಇನ್ನೂ ಕಿವಿಯಲ್ಲಿದೆ — ಅದೇ ಕೊನೆಯದು ಎಂಬಂತೆ.

ನಾನು ಕೇಳಿದೆ. ಅವಳು ಬೆನ್ನು ನೆಟ್ಟಗೆ ಮಾಡಿ ಕೂತಳು.

"ನನ್ನ ಕರುವಿನ ಸಲುವಾಗಿ, ಸರ್. ನಾ ಸಣ್ಣಾಕಿ ಇದ್ದಾಗ ಹೊಳಿ ಬಂತು. ಊರ ಬಿಡೂ ಮುಂದ ನಮ್ಮವ್ವ ಕರುವಿನ ಕಣ್ಣಿ ಬಿಚ್ಚಿ ಬಂದ್ಲು. ಆದ್ರೂ ಅದು ಹೊಳಿ ಪಾಲಾತು. ನೀರು ಎಲ್ಲಿತನಕ ಬರತೈತಿ ಅಂತ ಆವಾಗಿಂದ ನೋಡಾಕತ್ತೀನಿ."

ಇಷ್ಟು ನನಗೆ ಗೊತ್ತಿದ್ದದ್ದೇ. ಮುಂದಿನದು ಗೊತ್ತಿರಲಿಲ್ಲ.

"ನಮ್ಮನಿ ಮುಂದಿನ ಗ್ವಾಡಿ ಮ್ಯಾಲ ನೀರಿನ ಗೆರಿ ಇನ್ನೂ ಐತಿ. ಮನಿ ಕಟ್ಟೂ ಗೌಂಡಿ ಕಾಕಾನ ಲೆವಲ್ ನೋಡೂ ನೀರಿನ ಪೈಪ ಇಸ್ಕೊಂಡು, ಆ ಗೆರಿಗೂ ಕರು ಕಟ್ಟಿದ್ದ ಹಿತ್ತಲ ಖೋಲಿಗೂ ಲೆವಲ್ ಹಿಡದ ನೋಡಿದೆ. ಖೋಲಿ ಎತ್ತರಕೈತಿ, ಸರ್. ನೀರು ಅಲ್ಲಿ ಬಂದೇ ಇಲ್ಲ. ಕಣ್ಣಿ ಬಿಚ್ಚಿದ್ದಕ್ಕ ಕರು ತಾಯಿ ಹುಡುಕ್ಕೋತ ಕೆಳಗ ಇಳದು ನೀರಿಗೆ ಹೋತು. ಗೆರಿ ಗೊತ್ತಿದ್ರ, ಎತ್ತರದಾಗಿನ ದನಾ ಕಟ್ಟೇ ಬಿಟ್ಟ ಹೋಗಬಹುದು. ಊರೂರಿಗೆ ಹಂಗ ಗೆರಿ ಹಾಕಿ ಹೇಳಬೇಕಂತ ನನ್ನ ಆಸೆ."

"ಶಾಬಾಸ್!" ಎಂದರು ಅವರಪ್ಪ.

ನನ್ನ ಕೈ ಹಂಚಿನ ಮೇಲೆಯೇ ನಿಂತಿತು. ಕಟ್ಟೇ ಬಿಟ್ಟು ಹೋಗಬಹುದು — ಇದನ್ನು ಅವಳು ನಾಳೆ ದೊಡ್ಡವರೆದುರು ಹೇಳುತ್ತಾಳೆ. ಆಮೇಲೆ ಊರೂರಿಗೆ ಹೇಳುತ್ತಾಳೆ. ಅಳತೆಯೆಲ್ಲ ಸರಿಯಾಗಿತ್ತು. ಸುಳ್ಳಾಗಿದ್ದದ್ದು ನನ್ನ ಮಾತೊಂದೇ.

ಹೊಳೆ ಬಂದ ದಿನ ನಮ್ಮವರು ಆಕಳುಗಳನ್ನು ಹೊಡೆದುಕೊಂಡು ಮೊದಲೇ ಹೋಗಿದ್ದರು; ಕರು ಹಿತ್ತಲ ಖೋಲಿಯಲ್ಲೇ ಉಳಿದಿತ್ತು. ಓಣಿಯಲ್ಲಿ ಮೊಳಕಾಲಿನವರೆಗೆ ನೀರು. ಟ್ರ್ಯಾಕ್ಟರಿನವನು ಮಂದಿಯನ್ನಷ್ಟೇ ಹತ್ತಿಸಿಕೊಳ್ಳುತ್ತೇನೆ, ದನ ಇದ್ದರೆ ಬಿಚ್ಚಿಬಿಟ್ಟು ಬನ್ನಿ ಎಂದು ಕೂಗುತ್ತಿದ್ದ. ನಾನು ಒಳಗೆ ತಿರುಗಿ ಹೋದೆ — ಹೋದದ್ದು ನಿಜ. ಹಿಟ್ಟಿನ ಡಬ್ಬಿ ತರಲು. ಡಬ್ಬಿಯನ್ನು ಎದೆಗವಚಿಕೊಂಡು ಬಂದು ಹತ್ತಿದ ಮೇಲೆ ಮಗಳು ಕೇಳಿದಳು, "ಅವ್ವಾ, ಕೆಂಪಿ?" ಕರು ಇನ್ನೂ ಗೂಟದಲ್ಲೇ ಇದೆ ಎಂದು ಆಗ ನೆನಪಾಯಿತು. ಇಳಿಯಬಹುದಿತ್ತು. ಟ್ರ್ಯಾಕ್ಟರು ಇನ್ನೂ ನಿಂತೇ ಇತ್ತು.

"ಬಿಚ್ಚೀನಿ. ಸುಮ್ನ ಕುಂದ್ರು ನೀ."

ಇಷ್ಟೇ ನಾನು ಹೇಳಿದ್ದು.

ನೀರು ಇಳಿದ ಮೇಲೆ ಮನೆ ತೊಳೆಯಲು ಮೊದಲು ಬಂದವಳು ನಾನೇ. ಮಗಳು ಮಂಗಸೂಳಿ ಊರಿನ ಸೋದರತ್ತೆಯ ಮನೆಯಲ್ಲಿದ್ದಳು. ಮುಂದಿನ ಕೋಣೆಗಳಲ್ಲಿ ಕೆಸರು. ಹಿತ್ತಲ ಖೋಲಿಯ ಬಾಗಿಲು ತೆಗೆದರೆ — ನೆಲ ಒಣಗಿತ್ತು. ಒಂದು ಹನಿ ನೀರಿಲ್ಲ. ಕುಡಿಯಲೂ ಇರಲಿಲ್ಲ. ಗೂಟದ ಸುತ್ತ ಗೊರಸಿನಿಂದ ಕೆದರಿದ ಮಣ್ಣು, ಕಚ್ಚಿ ಕಚ್ಚಿ ನಾರೆದ್ದ, ಮೇವು ಹಾಕುವ ಗ್ವಾದಲಿಯ ಕಟ್ಟಿಗೆ, ಎಳೆದು ಬಿಗಿದ ಕಣ್ಣಿ, ಅದರ ತುದಿಗೆ... ಅಷ್ಟು ದಿನ ಎಷ್ಟು ಒದರಿತ್ತೋ. ಕೇಳಲು ಓಣಿಯಲ್ಲಿ ಯಾರಿದ್ದರು?

ಗೋಣಿತಟ್ಟಿನ ಮೇಲೆ ಎಳೆದುಕೊಂಡು ಹೋಗಿ ಹೊಳೆಗೆ ಬಿಟ್ಟೆ. ಹೊಳೆ ಒಯ್ದಿತು ಎಂದು ಎಲ್ಲರಿಗೂ ಹೇಳಿದೆ. ಮಗಳು ಬರುವಷ್ಟರಲ್ಲಿ ಆ ಖೋಲಿಯನ್ನು ಸಾರಿಸಿ ಮುಗಿಸಿದ್ದೆ.

ಇವತ್ತು ಅದನ್ನೆಲ್ಲ ಇದೇ ಕ್ರಮದಲ್ಲಿ ಅವಳಿಗೆ ಹೇಳಿದೆ. ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಎದ್ದಿತು, ಯಾರೂ ತೆಗೆಯಲಿಲ್ಲ. ನಮ್ಮವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಮಗಳು ನನ್ನನ್ನೇ ನೋಡುತ್ತ ಕೂತಿದ್ದಳು, ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ ಎಂಬಂತೆ. ಆಮೇಲೆ ಎದ್ದು ಹಿತ್ತಲ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಳುವ ಸದ್ದು ಬಂದಿದ್ದರೆ ಒಳಗೆ ಹೋಗುತ್ತಿದ್ದೆ. ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದಳು.

"ಕಟ್ಟಿದ್ದ ದನಾನೂ ಸಾಯ್ತೈತಿ ಅಂತ ಹೇಳಬೇಕು ನಾಳೆ. ಹೆಂಗ ಗೊತ್ತಾತು ಅಂತ ಕೇಳಿದ್ರ?"

"ನಮ್ಮವ್ವ ಕಟ್ಟಿ ಬಿಟ್ಟ ಬಂದಿದ್ಲು ಅಂತ ಹೇಳು."

"ನೀ ಸುಳ್ಳ ಹೇಳಿದ್ದನ್ನ?"

"ಅದನ್ನೂ ಹೇಳು."

 

ರಾತ್ರಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ ಉಂಡೆವು. ಹಿಟ್ಟು ಅದೇ ಡಬ್ಬಿಯದು. ಅವಳು ಒಂದೇ ರೊಟ್ಟಿ ತಿಂದಳು, ಹಾಲು ಮುಟ್ಟಲಿಲ್ಲ. ದಿನವೂ ನನ್ನ ಮಗ್ಗುಲಲ್ಲಿ ಮಲಗುವವಳು ಇವತ್ತು ಪಡಸಾಲೆಯಲ್ಲಿ ಒಬ್ಬಳೇ ಹಾಸಿಕೊಂಡಳು. ಮೊದಲು ನಿದ್ದೆ ಹೋದವಳೂ ಅವಳೇ.