ಈರಕ್ಕನ ಹಸಿರು ದಾರ

ಇಲಿಮನೆಯ ಬಾಗಿಲು ತೆರೆಯುವ ಮುಂಚೆ ಈರಕ್ಕ ಎರಡು ಸಲ ಕೆಮ್ಮುತ್ತಿದ್ದಳು. "ಬಸಿರಿ ಬಾಣಂತೇರು ಇರೋ ಮನಿ. ದಡಕ್ಕನ ಹೊಕ್ಕರ ಎದಿ ಒಡಕಂತಾವು," ಎನ್ನುತ್ತಿದ್ದಳು. ಹಾಗೆ ದಡಕ್ಕನೆ ಹೊಕ್ಕು ನಾನು ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಬಳ್ಳಾರಿಯ ಕಂಟೋನ್ಮೆಂಟಿನಲ್ಲಿದ್ದ ನಮ್ಮ ಕಾಲೇಜಿಗೆ ಅವಳು ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ಪ್ರಯೋಗದ ಇಲಿಗಳಿಗೆ ನೀರು, ತಿನಿಸು, ಹೊಟ್ಟಿನ ಹಾಸಿಗೆ ನೋಡಿಕೊಳ್ಳುವುದು ಅವಳ ಕೆಲಸ. ನಾನು ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿನಿ.

ನನ್ನ ವಿಷಯ ಅಡ್ರಿನಲ್ ಗ್ರಂಥಿ. ಮೂತ್ರಪಿಂಡದ ನೆತ್ತಿಯ ಹತ್ತಿರ ಎಳ್ಳುಕಾಳಿನಷ್ಟು ಕೂತಿರುತ್ತದೆ. ಹೆಣ್ಣಿಲಿಯಲ್ಲಿ ಅದರೊಳಗೊಂದು ತೆಳ್ಳನೆಯ ಪದರವಿದ್ದು, ಮೊದಲ ಬಸಿರಿನ ಹಾರ್ಮೋನಿಗೆ ಕರಗಿಹೋಗುತ್ತದೆ. ಗಂಡಿಲಿಯಲ್ಲಾದರೆ ಪ್ರಾಯಕ್ಕೆ ಬರುತ್ತಲೇ ಮಾಯ. ಎಷ್ಟು ಬೇಗ ಎಂಬುದು ತಳಿಯಿಂದ ತಳಿಗೆ ಬೇರೆ. ಇದನ್ನೆಲ್ಲ ಹೇಳಿದಾಗ ಈರಕ್ಕ ಬಾಯಿ ಮೇಲೆ ಸೆರಗಿಟ್ಟು ನಕ್ಕಳು. "ಅಬಬಬ! ಹಂಗಾರ ಹಡದಿದ್ದಕ್ಕ ಒಳಗೂ ಗುರ್ತು ಇರತೈತಿ ಅನ್ನು. ನಮಗ ಸೊಂಟನ ಹೇಳತೈತಿ ಡಾಕ್ಟರವ್ವ, ಯಾ ಮಿಷನ್ನೂ ಬ್ಯಾಡ."

ಅವಳದೊಂದು ಹುಚ್ಚಿತ್ತು. ಚೊಚ್ಚಲ ಬಸಿರಿನ ಇಲಿಯ ಪಂಜರಕ್ಕೆ ಹಸಿರು ದಾರ ಕಟ್ಟುವಳು. "ಹಸಿರು ಸೀರಿ ಉಡಿಸಿ ಕುಬಸ ಮಾಡಾಕ ಇವಕ್ಕ ತವರಿನವ್ರು ಬರ್ತಾರೇನು? ನಾವ ತವರು." ಮರಿಗಳು ಹಾಲು ಬಿಟ್ಟ ಮೇಲೂ ತಾಯಿಯ ಪಂಜರದ ದಾರ ಬಿಚ್ಚುತ್ತಿರಲಿಲ್ಲ.

ಒಮ್ಮೆ ಅವಳು ರಜೆಯಲ್ಲಿದ್ದಾಗ ತಪಾಸಣೆಯವರು ಬರುವ ಸುದ್ದಿ ಬಂತು. ನಗೆಪಾಟಲಾದೀತೆಂದು ದಾರಗಳನ್ನೆಲ್ಲ ನಾನೇ ಕತ್ತರಿಸಿ ಎಸೆದೆ. ಪಂಜರ ತೊಳೆದು ಹೊಸ ಚೀಟಿ ಅಂಟಿಸಿದೆ. ಅವಸರ ನನ್ನ ಹುಟ್ಟುಗುಣ. ಮರುದಿನ ಈರಕ್ಕ ಬೋಳು ಪಂಜರಗಳನ್ನು ನೋಡಿದಳು, "ಎಲ್ಲಾ ನೀನ ಮಾಡಿದೇನು?" ಎಂದಳು, ನೀರಿನ ಬಾಟಲಿಗಳನ್ನೆತ್ತಿಕೊಂಡು ತೊಳೆಯಲು ಹೋದಳು.

ಕೆಲವು ವಾರಗಳ ಮೇಲೆ, ಹಡೆಯದ ಇಲಿ ಎಂದು ಚೀಟಿಯಿದ್ದ ಒಂದರ ಗ್ರಂಥಿಯಲ್ಲಿ ಆ ಪದರವೇ ಇರಲಿಲ್ಲ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯುವ ಮೊದಲೇ ನನಗೆ ಗೊತ್ತಾಗಿಹೋಯಿತು. ತಾಯಿಯಾದವಳಿಗೆ ಹಡೆಯದವಳ ಚೀಟಿ ಅಂಟಿಸಿದವಳು ನಾನೇ.

"ಪಂಜರ ಅದಲುಬದಲು ಮಾಡಿದ್ದು ಯಾರು? ಈರಮ್ಮ, ನೀನೇ ತಾನೆ?" ಸ್ಲೈಡ್ ನೋಡಿದ ನಮ್ಮ ಗೈಡ್ ಸರ್ ಗುಡುಗಿದರು. ಈರಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ನಾಳೆಯಿಂದ ಬರಬೇಡ ಎಂದರು ಸರ್. ಅವಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, "ಆಗ್ಲಿ ರೀ" ಎಂದು ಹೊರಟುಹೋದಳು. ಥೂ, ಎಂಥ ಹೇಡಿ ನಾನು!

ಮೂರು ದಿನ ಅನ್ನ ಸೇರಲಿಲ್ಲ. ನಾಲ್ಕನೆಯ ದಿನ ಸರ್ ಮುಂದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಬೈದರು, ಅಷ್ಟೂ ಕೆಲಸವನ್ನು ಮೊದಲಿನಿಂದ ಮಾಡಿಸಿದರು, ಈರಕ್ಕನನ್ನು ಫೋನ್ ಮಾಡಿ ಕರೆಸಿದರು. ಬಂದವಳು ನನ್ನನ್ನು ಕೇಳಿದ್ದು ಒಂದೇ: "ನೀರಿನ ಬಾಟ್ಲಿ ಯಾರ್ ತೊಳ್ದಿದ್ರು? ಪಾಚಿ ಹಿಡದೈತಿ."

ಹೋದ ವರ್ಷ, ಅವಳು ತೀರಿಕೊಳ್ಳುವ ಒಂದು ವಾರ ಮುಂಚೆ, ಕುರುಗೋಡಿಗೆ ಹೋಗಿದ್ದೆ. ಹಾಸಿಗೆ ಹಿಡಿದಿದ್ದಳು. ಇಷ್ಟು ವರ್ಷ ಗಂಟಲಲ್ಲೇ ಉಳಿದಿದ್ದ ಮಾತನ್ನು ಕೇಳಿದೆ.

"ಅವತ್ತು ನಿನಗ ಎಲ್ಲಾ ಗೊತ್ತಿತ್ತು. ಯಾಕ ಸುಮ್ಕ ನಿಂತಿ, ಈರಕ್ಕ?"

"ನೀ ಹೇಳ್ತಿ ಅಂತ ನಿಂತಿದ್ದೆ."

"ನಾ ಹೇಳ್ಲಿಲ್ಲಲ್ಲ."

ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹೇಳಿದೆಲ್ಲವ್ವ. ನಾಕು ದಿನ ತಡಾತು, ಅಷ್ಟ."