ಕಡಲೆಯ ಹುಳಿಯಲ್ಲಿ ಬರೆದ ಚಳಿಗಾಲ

ಕಳೆದ ವಾರ ಚಿಂಚೋಳಿ ಪಕ್ಕದ ಚಂದಾಪುರದ ಸಂತೆಯಿಂದ ಒಂದು ಕಟ್ಟು ಕಡಲೆ ಸೊಪ್ಪು ತಂದೆ. ಎಳೆಯ ಸೊಪ್ಪು, ಕೈಗೆ ಅಂಟುವಷ್ಟು ಹಸಿ. ಸಂಜೆ ಸೋಸಲು ಬೇಸರವಾಗಿ ಅಡುಗೆಮನೆಯ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಹಾಗೆಯೇ ಬಿಟ್ಟೆ. ಬೆಳಿಗ್ಗೆ ಎತ್ತಿ ನೋಡಿದರೆ ಪಾಲಿಶ್ ಮಾಡಿದ ಕಪ್ಪು ಕಲ್ಲಿನ ಮೇಲೆ ಸಣ್ಣ ಸಣ್ಣ ಎಲೆಗಳ ಬಿಳಿಚಿದ ಗುರುತು. ಮೂಗಿಗೆ ಅದೇ ಹುಳಿ ಹುಳಿ ವಾಸನೆ... ಮನೆಗೆಲಸಕ್ಕೆ ಬರುವ ಹೆಂಗಸು ಅಷ್ಟರಲ್ಲಿ ತಂತಿಯ ಉಂಡೆ, ಪುಡಿಯ ಡಬ್ಬಿ ಹಿಡಿದು ಬಂದಿದ್ದಳು.

"ಕಲ್ಲಿಗಿ ಡಾಗ್ ಬಿದ್ದದ ನೋಡ್ರಿ ಅಕ್ಕಾ. ತಿಕ್ಕಿ ಸಾಫ್ ಮಾಡ್ತೀನಿ."

"ಮುಟ್ಟಬ್ಯಾಡ!"

ನಾನು ಚೀರಿದ ರಭಸಕ್ಕೆ ಆಕೆಯ ಕೈಯಿಂದ ಡಬ್ಬಿ ಬಿದ್ದು ಪುಡಿಯೆಲ್ಲ ನೆಲದ ಪಾಲಾಯಿತು. ಪಾಪ, ಆಕೆಯದೇನು ತಪ್ಪು? ಆ ಚೀರಾಟ ಆಕೆಯ ಮೇಲಿನದಲ್ಲ. ಎಷ್ಟೋ ವರ್ಷಗಳಿಂದ ಗಂಟಲಲ್ಲಿ ಕುಳಿತಿದ್ದದ್ದು, ಸೊಪ್ಪಿನ ವಾಸನೆಗೆ ಹೊರಗೆ ಬಿತ್ತು ಅಷ್ಟೆ.

ಸೇಡಂನಿಂದ ಚಿತ್ತಾಪುರಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗಿರುವ ಒಂದು ಊರು ನನ್ನ ತವರು. ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗುಮಾಸ್ತಳಾಗಿದ್ದೆ. ಅದೇ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು ನಮ್ಮ ಪಕ್ಕದ ಮನೆಯವರು. ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಊರಿಗೆಲ್ಲ ಅವರು ಚಿತ್ರದ ಅಕ್ಕೋರು, ನಮ್ಮ ಮನೆಗೆ ಬರಿಯ ಅಕ್ಕೋರು. ಅವರ ಯಜಮಾನರು ಹನುಮಪ್ಪನ ಗುಡಿಯ ಅರ್ಚಕರು. ಮಡಿ, ಏಕಾದಶಿ ಯಾವುದೂ ತಪ್ಪದ ಮನೆ. ಅಂಥ ಮನೆಯಿಂದ ಚಳಿಗಾಲ ಬಂತೆಂದರೆ ಅಕ್ಕೋರು ನಸುಕಿನಲ್ಲೇ ಎದ್ದು, ತಲೆಗೆ ಮಫ್ಲರ್ ಸುತ್ತಿಕೊಂಡು, ಕಾಗಿಣಾ ಹೊಳೆಯ ದಂಡೆಯ ನಮ್ಮ ಹೊಲಕ್ಕೆ ಹೊರಟುಬಿಡುತ್ತಿದ್ದರು.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಸೀಮೆಗೆ ಬಿಸಿಲು ನಾಡು ಎಂದು ಹೆಸರಿಟ್ಟು ಕೈತೊಳೆದುಕೊಂಡವರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ಮೇ ತಿಂಗಳಲ್ಲಿ ವಾಡಿ ಸ್ಟೇಷನ್ನಿನಲ್ಲಿ ರೈಲು ಬದಲಿಸುವಾಗ ಬೆವರು ಒರೆಸಿಕೊಂಡು, ಶಹಾಬಾದಿನ ಕಲ್ಲಿನ ರಾಶಿಗಳನ್ನು ಕಿಟಕಿಯಿಂದ ನೋಡಿ, ಇಲ್ಲಿ ನೋಡಲು ಏನೂ ಇಲ್ಲ ಎಂದು ತೀರ್ಪು ಕೊಟ್ಟು ಹೋದವರು ಇವರು. ಮಾರ್ಗಶಿರದ ಬೆಳಗಿನಲ್ಲಿ ಇವರನ್ನು ಜೋಳದ ಹೊಲದ ಬದುವಿನ ಮೇಲೆ ನಿಲ್ಲಿಸಬೇಕು. ಹಲ್ಲು ಕಟಕಟಿಸುವಾಗ ತಿಳಿಯುತ್ತದೆ.

ಅಕ್ಕೋರಿಗೆ ಇದೆಲ್ಲ ಯಾರಿಗೂ ಹೇಳಿ ಆಗಬೇಕಾದದ್ದಿರಲಿಲ್ಲ. ಅವರು ನೋಡುತ್ತಿದ್ದರು, ಅಷ್ಟೆ. ಹೊಳೆಯ ಮೇಲಿನ ಮಂಜು ಎದ್ದು ತೊಗರಿ ಸಾಲಿನವರೆಗೆ ಬಂದು ನಿಲ್ಲುವುದನ್ನು ನೋಡುತ್ತಿದ್ದರು. ಕುಸುಬೆಯ ಮುಳ್ಳಿನ ತುದಿಯಲ್ಲಿ ಇಬ್ಬನಿಯ ಹನಿ ಬೀಳಲೋ ಬೇಡವೋ ಎಂದು ತೂಗುವಾಗ, ಅದು ಬೀಳುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಗುಲಾಬಿ ಬೆನ್ನಿನ ಕಬ್ಬಕ್ಕಿಗಳು ಗುಂಪು ಗುಂಪಾಗಿ ಎಳೆಯ ಜೋಳದ ತೆನೆಗೆ ಎರಗಿದರೆ ನಮ್ಮ ಅಪ್ಪ ಕವಣೆ ಬೀಸುತ್ತಾ ಬಾಯಿಗೆ ಬಂದಂತೆ ಬೈಯುತ್ತಿದ್ದ. ಅಕ್ಕೋರು ಬದುವಿನ ಮೇಲೆ ಕುಳಿತು ಚಪ್ಪಾಳೆ ತಟ್ಟುತ್ತಿದ್ದರು. ಓಡಿಸಲಿಕ್ಕಲ್ಲ, ಸಂತೋಷಕ್ಕೆ. ಉದ್ದ ಕಾಲಿನ ಕರ್ಕರ ಹಕ್ಕಿಗಳು ಎಲ್ಲಿಂದಲೋ ಬಂದು ಕಡಲೆ ಹೊಲದಲ್ಲಿ ಇಳಿದ ದಿನವಂತೂ ಶಾಲೆಗೆ ತಡವಾಗಿಯೇ ಬರುವುದು. ಹಾಜರಿ ಹಾಕುವಾಗ ಸೀರೆಯ ಅಂಚಿಗೆ ಅಂಟಿದ ಹುಲ್ಲಿನ ಮುಳ್ಳು ಕೀಳುತ್ತಾ ನನಗೆ ಪಿಸುಗುಡುತ್ತಿದ್ದರು, "ಬಂದಾವ, ಬಂದಾವ..."

ಅವರು ಚಿತ್ರ ಬರೆಯುತ್ತಿದ್ದ ರೀತಿಯೇ ಬೇರೆ. ಕಡಲೆ ಗಿಡದ ಎಲೆಯಲ್ಲಿ ಹುಳಿ ಇರುತ್ತದೆ. ರಾತ್ರಿಯ ಇಬ್ಬನಿಯಲ್ಲಿ ಅದು ಇಳಿದು ಬರುತ್ತದೆ. ಸಂಜೆ ಹೊಲದಲ್ಲಿ ಬಿಳಿ ಬಟ್ಟೆ ಹಾಸಿ ಬಂದರೆ ಬೆಳಿಗ್ಗೆ ತೊಪ್ಪೆಯಾಗಿರುತ್ತದೆ, ಹಿಂಡಿ ಭರಣಿಯಲ್ಲಿ ತುಂಬಿಡಬೇಕು. ಹೊಟ್ಟೆನೋವಿಗೆ ನಮ್ಮ ಅವ್ವ ಅದನ್ನೇ ಒಂದು ಚಮಚ ಕುಡಿಸುತ್ತಿದ್ದಳು. ಹಿಂದೊಮ್ಮೆ ಆ ಹುಳಿ ಅಕ್ಕೋರ ಮನೆಯ ಕಟ್ಟೆಯ ಮೇಲೆ ಚೆಲ್ಲಿ ಕಲ್ಲಿನ ಹೊಳಪನ್ನು ತಿಂದಿತ್ತಂತೆ. ಬೇರೆಯವರಾದರೆ ಅಯ್ಯೋ ಎಂದು ಒರೆಸಿ ಸುಮ್ಮನಾಗುತ್ತಿದ್ದರು. ಅಕ್ಕೋರು ಬ್ರಷ್ ತಂದರು.

ಅಲ್ಲಿಂದ ಮುಂದೆ ಅದೇ ಅವರ ಬಣ್ಣ. ಯಜಮಾನರ ಹಳೆಯ ಧೋತರ ಪ್ರತಿ ಸಂಜೆ ನಮ್ಮ ಕಡಲೆ ಹೊಲಕ್ಕೆ ಬರುತ್ತಿತ್ತು. ಹಳೆಯದೆಂದು ಹೆಸರು, ಒಮ್ಮೊಮ್ಮೆ ಹೊಸದೂ ಬರುತ್ತಿತ್ತು.

"ನನ್ನ ಮಡಿ ಧೋತ್ರ ಎಲ್ಲಿ ಹೋತು?" ಎಂದು ಒಳಗಿನಿಂದ ಅರ್ಚಕರ ಕೂಗು.

"ಹೊಲದಾಗ ಮಲಗ್ಯಾದರಿ. ಮುಂಜಾನಿ ಎದ್ದು ಬರ್ತದ" ಎಂದು ಹೊರಗಿನಿಂದ ಅಕ್ಕೋರ ಉತ್ತರ.

ಶಾಲೆಯ ಪೂರ್ವದ ಪಡಸಾಲೆಗೆ ಪಾಲಿಶ್ ಫರಸಿ, ಅಂದರೆ ಶಹಾಬಾದ್ ಕಲ್ಲಿನ ಚಪ್ಪಡಿ, ಹಾಸಿತ್ತು. ಒಂದು ಚಳಿಗಾಲಕ್ಕೆ ಒಂದು ಫರಸಿ. ಆ ಚಳಿಗಾಲದಲ್ಲಿ ದಿನದಿನವೂ ಕಂಡದ್ದೆಲ್ಲ ಅದರ ಮೇಲೆ. ಬರೆಯುವಾಗ ನೀರಿನ ಗೆರೆಯಂತೆ ಕಾಣುತ್ತಿತ್ತು. ತುಸು ಹೊತ್ತು ಬಿಟ್ಟು ತೊಳೆದರೆ ಹೊಳಪು ಹೋದ ಕಡೆ ಮಾಸಲು ಬಿಳಿ ಗೆರೆ. ಅದೂ ಎಲ್ಲ ಹೊತ್ತಿನಲ್ಲಿ ಕಾಣುವಂಥದ್ದಲ್ಲ. ಮಧ್ಯಾಹ್ನ ನೋಡಿದರೆ ಖಾಲಿ ಕಲ್ಲು. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಓರೆ ಬಿಸಿಲು ಬಿದ್ದಾಗ ಮಾತ್ರ ಹಕ್ಕಿಗಳು ಏಳುತ್ತಿದ್ದವು. ಹುಡುಗಿಯರು ಸಾಲಾಗಿ ನಿಂತು, ಕೈಮುಗಿದು, ಅರ್ಧ ಕಣ್ಣು ಬಿಟ್ಟು ಕಾಲಡಿಯ ಕರ್ಕರಗಳನ್ನು ನೋಡುತ್ತಿದ್ದರು. ಅವರ ಚಪ್ಪಲಿಗಳು ಅದರ ಮೇಲೇ ಓಡಾಡುತ್ತಿದ್ದವು. ಅಕ್ಕೋರಿಗೆ ಅದರ ಚಿಂತೆಯಿರಲಿಲ್ಲ.

ಅವರು ನಿವೃತ್ತರಾಗುವ ಹೊತ್ತಿಗೆ ಪಡಸಾಲೆಯ ಈ ತುದಿಯಿಂದ ಆ ತುದಿಯವರೆಗೆ ಅವರ ಚಳಿಗಾಲಗಳು ಹಾಸಿಕೊಂಡಿದ್ದವು. ಜನ್ಮವಿಡೀ ಬರೆದದ್ದು ಅದೊಂದೇ. ಕಾಗದದ ಮೇಲೆ ಒಂದು ಚಿತ್ರವನ್ನೂ ಉಳಿಸಿಕೊಂಡವರಲ್ಲ.

ಆಗಿನ ಹೆಡ್ ಮಾಸ್ತರರು ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಬರುವವರು. ಪ್ರಾರ್ಥನೆ ಮುಗಿದು, ಬಿಸಿಲು ಏರಿ, ಹಕ್ಕಿಗಳೆಲ್ಲ ಕಲ್ಲಿನೊಳಗೆ ಹೋದ ಮೇಲೆಯೇ ಅವರ ಸವಾರಿ. ನಾನೇ ಎರಡು ಸಲ ಹೇಳಿದ್ದೆ, ಒಂದು ದಿನ ಬೇಗ ಬಂದು ನೋಡಿ ಸಾರ್ ಎಂದು. "ಫರಸಿ ಒಳಗ ಏನದ ನೋಡ್ಲಿಕ್ಕ?" ಎಂದು ನಕ್ಕಿದ್ದರು. ಕೆಟ್ಟವರಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುವುದು. ಕೆಟ್ಟವರಾಗಿದ್ದರೆ ಶಾಪ ಹಾಕಿ ಹಗುರಾಗಬಹುದಿತ್ತು.

ಅಕ್ಕೋರ ನೌಕರಿಯ ಕೊನೆಯ ಚಳಿಗಾಲದ ಎಳ್ಳಮಾವಾಸ್ಯೆ. ಆ ದಿನ ಊರಲ್ಲಿ ನರಪಿಳ್ಳೆ ಇರುವುದಿಲ್ಲ. ಎಲ್ಲರೂ ಹಬ್ಬದೂಟದ ಬುಟ್ಟಿ ಹೊತ್ತು ಹೊಲದಲ್ಲಿ. ಅಕ್ಕೋರು, ಅರ್ಚಕರು ಇಬ್ಬರೂ ನಮ್ಮ ಹೊಲಕ್ಕೆ ಬಂದಿದ್ದರು. ಮಡಿಯ ಮನೆಯವರಲ್ಲವೇ, ತಮ್ಮ ಡಬ್ಬಿ ತಾವೇ ತಂದಿದ್ದರು. ಆದರೆ ಅವ್ವ ಹತ್ತಾರು ಕಾಳು, ಸೊಪ್ಪು ಹಾಕಿ ಕುದಿಸಿದ ಭಜ್ಜಿಯ ಗಡಿಗೆ ಬಿಚ್ಚಿ, ಸಜ್ಜೆ ಕಡುಬು, ಭರ್ತ ಹರಡಿದ ಮೇಲೆ ಅಕ್ಕೋರ ಡಬ್ಬಿಯ ಮುಚ್ಚಳ ಸಂಜೆಯವರೆಗೆ ತೆರೆಯಲಿಲ್ಲ. ಅರ್ಚಕರು ಆಕಾಶ ನೋಡುತ್ತಾ ಕುಳಿತಿದ್ದರು. ಅಕ್ಕೋರು ಕೈಯೊರೆಸಿಕೊಂಡು ಕಡಲೆ ಸಾಲಿನಲ್ಲಿ ಧೋತರ ಹಾಸಿದರು. ಕೊನೆಯ ಫರಸಿಯಲ್ಲಿ ಒಂದು ಮೂಲೆ ಉಳಿದಿದೆ, ನಾಳೆ ಮುಗಿಸಿಬಿಡುತ್ತೇನೆ ಎಂದರು. ಅಷ್ಟು ಸುಖವಾಗಿ ಕಳೆದ ದಿನ ನನ್ನ ಆಯುಷ್ಯದಲ್ಲಿ ಕಡಿಮೆ...

ಮರುದಿನ ಬೆಳಿಗ್ಗೆ ಭರಣಿ ಹಿಡಿದ ಅಕ್ಕೋರ ಜೊತೆಗೇ ನಾನು ಶಾಲೆಗೆ ಹೋದೆ. ಪಡಸಾಲೆ ಕನ್ನಡಿಯಂತೆ ಹೊಳೆಯುತ್ತಿತ್ತು. ಕಂಬಗಳು, ಗಂಟೆ, ನಮ್ಮ ಮುಖಗಳು ಎಲ್ಲ ಅದರಲ್ಲಿ ಕಾಣುತ್ತಿದ್ದವು. ಓರೆ ಬಿಸಿಲು ಎಂದಿನಂತೆ ಬಿದ್ದಿತ್ತು. ಒಂದೇ ಒಂದು ಗೆರೆ ಇರಲಿಲ್ಲ.

ಎಂದೂ ಇಲ್ಲದ ಹೆಡ್ ಮಾಸ್ತರರು ಅಂದು ಬೇಗ ಬಂದಿದ್ದರು. ಎರಡೂ ಕೈ ಚಾಚಿ ನಕ್ಕರು.

"ಬರ್ರಿ ಅಕ್ಕೋರೆ. ನಿಮ್ಮ ಬೀಳ್ಕೊಡುಗಿ ಸಲುವಾಗಿನೇ ಶಹಾಬಾದದಿಂದ ಪಾಲಿಶ್ ಮಷಿನ್ ತರ್ಸೀನಿ. ಸೂಟಿ ಇತ್ತಲ್ಲ, ನಿನ್ನೆ ಒಂದs ದಿನದಾಗ ಮಾಡ್ಸಿಬಿಟ್ಟೆ. ಹಳೀ ಡಾಗ್ ಎಲ್ಲಾ ಹೋದ್ವು ನೋಡ್ರಿ, ಏನ್ ಚಮಕ್ ಬಂದದ!"

ಅಕ್ಕೋರು ಭರಣಿಯನ್ನು ನನ್ನ ಕೈಗೆ ಕೊಟ್ಟರು. ನೆಲಕ್ಕೆ ಕುಳಿತು, ಕೆನ್ನೆ ಕಲ್ಲಿಗೆ ತಾಗುವಷ್ಟು ಬಾಗಿ, ಬೆಳಕಿಗೆ ಎದುರಾಗಿ ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಫರಸಿ ಬಿಟ್ಟು ಇನ್ನೊಂದಕ್ಕೆ ಸರಿದರು. ಹಾಗೆ ಪಡಸಾಲೆಯ ಆ ತುದಿಯವರೆಗೆ. ಎದ್ದು ಸೀರೆ ಕೊಡವಿಕೊಂಡು, "ಭಾಳ ನುಣ್ಣಗ ಆಗ್ಯಾದ್ರಿ. ಹುಡುಗ್ಯಾರು ಜಾರಿ ಬಿದ್ದಾರು, ನೋಡ್ಕೊಳ್ರಿ" ಎಂದು ಮಾತ್ರ ಹೇಳಿ ತರಗತಿಗೆ ಹೋದರು.

ಉಳಿದದ್ದನ್ನು ನಾನು ಹೇಳಿದೆ. ಹೆಡ್ ಮಾಸ್ತರರಿಗೆ, ಮಾಸ್ತರರೆಲ್ಲರ ಎದುರಿಗೆ, ನನ್ನ ನೌಕರಿ ಏನು ಅವರ ನೌಕರಿ ಏನು ಎಂಬುದನ್ನು ಮರೆತು ಹೇಳಿದೆ. ಅವರು ಗಾಬರಿಯಾಗಿ ನೆಲವನ್ನೂ ನನ್ನನ್ನೂ ನೋಡಿದರು. ಕೊನೆಗೆ ಬೇಕಾದರೆ ಹೊಸ ಬೋರ್ಡು, ಆಯಿಲ್ ಪೇಂಟ್ ತರಿಸಿಕೊಡುತ್ತೇನೆ, ಗೋಡೆಯ ಮೇಲೆ ಬರೆಯಲಿ ಎಂದರು! ಬೀಳ್ಕೊಡುಗೆಯ ದಿನ ಅದೇ ಹೊಳೆಯುವ ನೆಲದ ಮೇಲೆ ಕುರ್ಚಿ ಹಾಕಿ ಅಕ್ಕೋರಿಗೆ ಶಾಲು ಹೊದಿಸಿದರು. ನಾನು ಆಫೀಸಿನ ಬಾಗಿಲು ಹಾಕಿಕೊಂಡು ಒಳಗೇ ಕುಳಿತಿದ್ದೆ.

ಅಂದು ಸಂಜೆ ಅವರ ಕಟ್ಟೆಗೆ ಹೋಗಿ ಕೇಳಿದೆ, "ನಿಮಗ ಸಿಟ್ಟು ಬರಂಗಿಲ್ಲೇನ್ರಿ?"

"ಬಂದದವ್ವ. ಬಂದು ಏನ್ ಮಾಡ್ಲಿ? ಮುಂದಿನ ಚಳಿಗಿ ನೀವು ಕಡಲಿ ಬಿತ್ತಂಗಿಲ್ಲೇನು?" ಎಂದರು. ತಮ್ಮ ಮನೆಯ ಕಟ್ಟೆಯ ಕಲ್ಲನ್ನು ಅಂಗೈಯಿಂದ ಸವರಿ, "ಇಲ್ಲಿಂದ ಶುರು ಮಾಡ್ತೀನಿ" ಎಂದರು.

ನಾನು ಆ ಮಾತನ್ನು ನಂಬಿದೆ. ಅವರೂ ನಂಬಿದ್ದರು.

ಆ ಬೇಸಿಗೆಯಲ್ಲಿ ನಮ್ಮ ಹೊಲದ ಆಚೆಗಿನ ಹಳೆಯ ಖಣಿಯ ಪಕ್ಕದಲ್ಲಿ ಕಲ್ಲು ಪುಡಿಮಾಡುವ ಕ್ರಷರ್ ಬಂತು. ಹಗಲೂ ರಾತ್ರಿ ಗರಗರ. ಚಳಿಗಾಲ ಬಂತು, ಕರ್ಕರಗಳೂ ಬಂದವು, ಕಡಲೆಯೂ ಹೂ ಬಿಟ್ಟಿತು. ಆದರೆ ಎಲೆಯ ಮೇಲೆಲ್ಲ ಬೂದಿ ಬಣ್ಣದ ಧೂಳು. ಅಕ್ಕೋರು ಧೋತರ ಹಾಸಿದರು, ಬೆಳಿಗ್ಗೆ ಹಿಂಡಿದರು. ರಾಡಿಯಂಥ ನೀರು. ಬೆರಳಿನಿಂದ ನಾಲಿಗೆಗೆ ಮುಟ್ಟಿಸಿಕೊಂಡು ಮುಖ ಹುಳ್ಳಗಾಗುವುದನ್ನು ಕಾದರು. ಆಗಲಿಲ್ಲ. ಸುಣ್ಣದ ಕಲ್ಲಿನ ಪುಡಿ ಹುಳಿಯನ್ನೆಲ್ಲ ಎಲೆಯ ಮೇಲೆಯೇ ಕುಡಿದುಬಿಟ್ಟಿತ್ತು. ಆದರೂ ಅವರು ಕಟ್ಟೆಯ ಮೇಲೆ ಒಂದು ಕರ್ಕರ ಬರೆದರು. ಕಾದು ತೊಳೆದರು. ಕಲ್ಲು ಹೊಳೆಯುತ್ತಲೇ ಇತ್ತು. ಮರುದಿನವೂ ಹಾಗೆ. ಅದರ ಮರುದಿನವೂ...

ಒಂದು ಬೆಳಿಗ್ಗೆ ಹಿಂಡದೆಯೇ ಧೋತರವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, "ಬಾ" ಎಂದರು. ನೇರವಾಗಿ ಕ್ರಷರಿನ ಆಫೀಸಿಗೆ ಹೋದೆವು. ಮ್ಯಾನೇಜರ್ ಎದ್ದು, "ಕುಂದ್ರಿ ಬಾಯಾರ, ಚಾ ತರ್ಸಲೇನು?" ಎಂದ. ಅಕ್ಕೋರು ಅವನ ಗಾಜಿನ ಟೇಬಲ್ಲಿನ ಮೇಲೆ, ಕಾಗದ ಪತ್ರಗಳ ಮೇಲೆ ಧೋತರವನ್ನು ಹಿಡಿದು ಹಿಂಡಿದರು. ಬೂದು ನೀರು ಅವನ ಮಡಿಲಿಗೂ ಹರಿಯಿತು.

"ಇದು ಮೊದಲ ಹುಳಿ ಇರ್ತಿತ್ತು. ನೆಕ್ಕಿ ನೋಡ್ರಿ ಈಗ. ನೆಕ್ಕರಿ!"

ಅವರು ದನಿಯೆತ್ತಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮ್ಯಾನೇಜರ್ ಪ್ಯಾಂಟು ಒರೆಸಿಕೊಳ್ಳುತ್ತಾ ನಗಲು ನೋಡಿದ. "ಹುಳಿ ಬೇಕಂದ್ರ ಲಿಂಬಿಹಣ್ಣು ತಗೊಳ್ರಲ್ಲ ಬಾಯಾರ. ಸೇಡಂ ಪ್ಯಾಟ್ಯಾಗ ಬೇಕಾದಷ್ಟು ಸಿಗ್ತಾವ."

"ಲಿಂಬಿಹಣ್ಣು ವರ್ಷಾ ಪೂರಾ ಸಿಗ್ತದ" ಎಂದರು ಅಕ್ಕೋರು. "ನನಗ ಚಳಿಗಾಲ ಬೇಕಾಗಿತ್ತು."

ಆಮೇಲೆ ಅವರು ಬರೆಯಲಿಲ್ಲ. ಹೊಲಕ್ಕೆ ಬರುವುದನ್ನು ಬಿಡಲಿಲ್ಲ. ಬಾರಿಹಣ್ಣು ಆರಿಸಿಕೊಂಡು, ಕಬ್ಬಕ್ಕಿಗಳಿಗೆ ಚಪ್ಪಾಳೆ ತಟ್ಟಿಕೊಂಡು ಇರುತ್ತಿದ್ದರು. ಆದರೆ ಕಡಲೆ ಸಾಲಿನ ಹತ್ತಿರ ಬಂದಾಗ ಕಾಲು ಬೇರೆ ಕಡೆ ತಿರುಗುತ್ತಿತ್ತು. ಕೆಲವು ವರ್ಷಗಳ ನಂತರ ಒಂದು ಬೇಸಿಗೆಯಲ್ಲಿ ತೀರಿಕೊಂಡರು. ಆ ಹೊತ್ತಿಗೆ ನಾನು ವರ್ಗವಾಗಿ ಚಂದಾಪುರಕ್ಕೆ ಬಂದಿದ್ದೆ. ಸುದ್ದಿ ತಿಳಿದು ಹೋದಾಗ ಅವರ ಕಟ್ಟೆಯ ಮೇಲೆ ಚಪ್ಪಲಿಗಳ ರಾಶಿ ಇತ್ತು. ಅರ್ಚಕರು ನನ್ನನ್ನು ನೋಡಿ, "ಹಳೇ ಧೋತ್ರ ಎಲ್ಲಾ ಹಂಗs ಅವ ನೋಡವ್ವ" ಎಂದು ಅತ್ತರು.

ಚಿಂಚೋಳಿಯ ಈ ಕಡೆ ಕಾಡು ಹತ್ತಿರ. ನಾನು ತಂದ ಸೊಪ್ಪು ಬೆಳೆದ ಹೊಲದ ಮೇಲೆ ಯಾವ ಧೂಳೂ ಬಿದ್ದಿರಲಿಲ್ಲವೆಂದು ಕಾಣುತ್ತದೆ. ಇನ್ನೂ ಹುಳಿಯಿದೆ. ಅದಕ್ಕೇ ಕಲ್ಲಿನ ಮೇಲೆ ಗುರುತು ಬಿದ್ದಿದೆ. ಚೀರಿದ ಮರುದಿನ ಉಳಿದ ಸೊಪ್ಪನ್ನು ಬಟ್ಟೆಯಲ್ಲಿ ಹಿಂಡಿ, ಬೆರಳು ಅದ್ದಿ, ಎಲೆಗಳ ಗುರುತಿನ ಪಕ್ಕದಲ್ಲಿ ಒಂದು ಕರ್ಕರ ಬರೆಯಲು ನೋಡಿದೆ. ಕಾಲು ಕಸಬರಿಗೆಯ ಕಡ್ಡಿಯಂತೆ ಬಂತು. ಕುತ್ತಿಗೆ ಬರಲೇ ಇಲ್ಲ. ನಗು ಬಂತು, ಆಮೇಲೆ ಅದೇ ಹಳೆಯ ಸಿಟ್ಟು ಬಂತು.

ಕೆಲಸದ ಹೆಂಗಸು ಈಗ ಕಟ್ಟೆ ಒರೆಸುವಾಗ ಬಟ್ಟೆಯನ್ನು ಆ ಗುರುತಿನ ಸುತ್ತ ತಿರುಗಿಸಿಕೊಂಡು ಹೋಗುತ್ತಾಳೆ. ಅದು ಏನೆಂದು ಆಕೆ ಕೇಳಿಲ್ಲ, ನಾನೂ ಹೇಳಿಲ್ಲ. ಒಂದು ಸಲ ಚೀರಿದ್ದಕ್ಕೆ ಆಕೆಗೆ ಸಾಕಾಯಿತು. ಇಂದು ಬೆಳಿಗ್ಗೆ ಕಿಟಕಿಯ ಓರೆ ಬಿಸಿಲು ಆ ಎಲೆಗಳ ಮೇಲೆ ಬಿದ್ದಾಗ ಒಂದು ಯೋಚನೆ ಬಂತು. ಆ ಎಳ್ಳಮಾವಾಸ್ಯೆಯ ದಿನ ಪಾಲಿಶ್ ಮಷಿನ್ ಶುರುವಾದಾಗ ಶಾಲೆಯ ಪಡಸಾಲೆಯಲ್ಲಿ ಯಾರಾದರೊಬ್ಬರು ನಿಂತು ಒಂದೇ ಒಂದು ಸಲ ಹೀಗೆ ಚೀರಿದ್ದರೆ... ಯಾರೂ ಇರಲಿಲ್ಲ. ನಾವೆಲ್ಲ ಹೊಲದಲ್ಲಿ ಕುಳಿತು ಭಜ್ಜಿ ಉಣ್ಣುತ್ತಿದ್ದೆವು. ಅಕ್ಕೋರು ನಾಳೆಗೆಂದು ಧೋತರ ಹಾಸುತ್ತಿದ್ದರು.