ಇಲ್ಲ ಬೇರೆ, ಗೊತ್ತಿಲ್ಲ ಬೇರೆ

ನಮ್ಮ ಅತ್ತಿಗೆಗೆ ಹಟ ಜಾಸ್ತಿ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಊಟದ ಮೇಜಿನ ಮೇಲೆ ಕೋಡ್ ಎಡಿಟರ್ ತೆರೆದಿಟ್ಟು, ಅಂಕಿ ಕೊಟ್ಟರೆ ಗೆರೆ ಎಳೆದುಕೊಡುವ ಜಾವಾಸ್ಕ್ರಿಪ್ಟ್ ಲೈಬ್ರರಿಯೊಂದನ್ನು ಅರೆದು ಕುಡಿದವರು. "ಈ ಬ್ರಾಕೆಟ್ಟು ನೋಡಿದ್ರೆ ತಲೆ ಗಿರ್ ಅನ್ನುತ್ತೆ" ಎಂದು ಅಣ್ಣ ರೇಗಿಸಿದರೆ, "ಹಾಗಾದ್ರೆ ಪಾತ್ರೆ ತೊಳೀರಿ, ಅದರಲ್ಲಿ ಬ್ರಾಕೆಟ್ ಇರಲ್ಲ" ಎಂದರು. ಅಣ್ಣ ಈಗಲೂ ತೊಳೆಯುತ್ತಿದ್ದಾನೆ. ಅತ್ತಿಗೆ ಟಿಕೆಟ್ ಮಿಷನ್ನುಗಳ ಅಂಕಿ ಹಿಡಿದು, ಯಾವ ಮಾರ್ಗದಲ್ಲಿ ದಿನಕ್ಕೆ ಎಷ್ಟು ಜನ ಹತ್ತಿದರೆಂಬ ಚಾರ್ಟನ್ನು ಬಸ್ ಕಚೇರಿಯ ವೆಬ್‌ಸೈಟಿಗೆ ಮಾಡಿಕೊಡುತ್ತಾರೆ. ನಾನು ಅದೇ ಕಚೇರಿಯಲ್ಲಿ ಕಂಡಕ್ಟರ್.

ಒಂದು ದಿನ ಜೀವ ಕೈಯಲ್ಲಿ ಹಿಡಿದುಕೊಂಡು ಅತ್ತಿಗೆಯ ಹತ್ತಿರ ಬಂದೆ. ಜನ ಹತ್ತದ ಮಾರ್ಗ ನಿಲ್ಲಿಸುತ್ತಾರಂತೆ, ಚಾರ್ಟ್ ನೋಡಿ ಕಚೇರಿಯ ಸಾಹೇಬರು ಮರುದಿನದ ಸಭೆಯಲ್ಲೇ ತೀರ್ಮಾನಿಸುತ್ತಾರಂತೆ. ನನ್ನ ಮಾರ್ಗದ ಗೆರೆ ನೋಡಿದರೆ ಅಲ್ಲಲ್ಲಿ ನೆಲ ಕಚ್ಚಿದೆ! ಬೆಳಗಿನ ಪಾಳಿಗೆ ಹೋಗುವ ಆಸ್ಪತ್ರೆಯ ಆಯಾಗಳಿಗೆ ಬೇರೆ ಬಸ್ಸಿಲ್ಲ, ನನಗೆ ಬೇರೆ ಕೆಲಸವಿಲ್ಲ.

"ಅತ್ತಿಗೆ, ಆ ಗೆರೆನ ಸ್ವಲ್ಪ ಮೇಲೆತ್ತಿ. ಯಾರಿಗೂ ಗೊತ್ತಾಗಲ್ಲ."

"ಎತ್ತೋಕೆ ಅದೇನು ಕಿಟಕಿ ಪರದೆನೇನೇ? ಅಂಕಿ ಇದ್ದ ಹಾಗೆ ಗೆರೆ." ಆದರೂ ಗೆರೆ ಬಿದ್ದ ಕಡೆ ಬೆರಳಿಟ್ಟು ಕೇಳಿದರು, "ಈ ದಿನ ಎಲ್ಲಾ ಬಸ್ಸೇ ಹೋಗ್ಲಿಲ್ವಾ?"

"ಹೋಗ್ಲಿಲ್ವಾ ಅಂದ್ರೆ! ಕಾಲಿಡೋಕೆ ಜಾಗ ಇರ್ಲಿಲ್ಲ. ಟಿಕೆಟ್ ಮಿಷನ್ ಕೆಟ್ಟಿತ್ತು, ಕಾಗದದ ಟಿಕೆಟ್ಟೇ ಹರಿದು ಕೊಟ್ಟೆ."

ಅತ್ತಿಗೆ ಹಣೆ ಚಚ್ಚಿಕೊಂಡರು. "ಅಯ್ಯೋ, ಇದು ನನ್ನದೇ ಘನಕಾರ್ಯ! ಅಂಕಿ ಬರದೇ ಇದ್ದ ಕಡೆ ಸೊನ್ನೆ ಹಾಕು ಅಂತ ನಾನೇ ಬರೆದಿದ್ದೀನಿ." ಆ ಒಂದು ಸಾಲು ಅಳಿಸಿ ಸೇವ್ ಮಾಡಿದರು. ನೆಲ ಕಚ್ಚಿದ್ದ ಕಡೆಗಳಲ್ಲಿ ಈಗ ಬರೀ ಬಿಟ್ಟ ಜಾಗ. ಉಳಿದ ಗೆರೆ ಎತ್ತರದಲ್ಲೇ ಇತ್ತು. ನನಗೆ ಸಂತೋಷಕ್ಕೆ ಅಳುವೇ ಬಂತು.

ಮರುದಿನ ಸಭೆಯಲ್ಲಿ ಸಾಹೇಬರು, "ಇದೇನಮ್ಮಾ, ಗೆರೆ ತುಂಡು ತುಂಡಾಗಿದೆ? ಜೋಡಿಸಿ" ಎಂದರಂತೆ.

"ಜೋಡಿಸಲ್ಲ ಸರ್" ಎಂದರಂತೆ ಅತ್ತಿಗೆ. "ಮಿಷನ್ ಕೆಟ್ಟ ದಿನಗಳು ಅವು. ಜನ ಇಲ್ಲ ಅಂತಲ್ಲ, ಎಷ್ಟು ಜನ ಅಂತ ನಮಗೆ ಗೊತ್ತಿಲ್ಲ. ಇಲ್ಲ ಬೇರೆ, ಗೊತ್ತಿಲ್ಲ ಬೇರೆ. ಮೊದಲು ಸೊನ್ನೆ ಹಾಕಿದ್ದವಳೂ ನಾನೇ." ಸಾಹೇಬರು ಚಾರ್ಟನ್ನು ಮತ್ತೊಮ್ಮೆ ನೋಡಿ, ಮಾರ್ಗ ಉಳಿಸಿ, ಮಿಷನ್ನನ್ನು ರಿಪೇರಿಗೆ ಕಳಿಸಿದರು.

ರಿಪೇರಿಯಾಗಿ ಬಂದ ದಿನ ಅತ್ತಿಗೆ ನನ್ನ ಬಸ್ಸು ಹತ್ತಿದರು. ನನಗೋ ಎಲ್ಲಿಲ್ಲದ ಅಕ್ಕರೆ. "ನಿಮ್ಮ ಹತ್ರ ಟಿಕೆಟ್ ಕೇಳ್ತೀನಾ? ಕೂತ್ಕೊಳ್ಳಿ ಅತ್ತಿಗೆ" ಎಂದೆ.

ಕಣ್ಣು ಕೆಕ್ಕರಿಸಿ ಟಿಕೆಟ್ಟಿನ ದುಡ್ಡು ಚಾಚಿದರು. "ಮಿಷನ್ ಒತ್ತೇ. ಇಲ್ದಿದ್ರೆ ನಾಳೆ ಚಾರ್ಟಲ್ಲಿ ನಾನೇ ಇರಲ್ಲ."